ಬಂಡೆಯ ಸಂಖ್ಯೆ ಒಡೆದ ಮೇಲೆ

ಕಾಶವ್ವ ಗಂಡನ ಮನೆಯಿಂದ ಮೊದಲ ಸಲ ತಿರುಗಿ ಬಂದ ದಿನ ನಾನು ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದೆ. ಅವಳು ನನ್ನ ನಾದಿನಿ, ನನ್ನ ಗಂಡ ಅಡಿವೆಪ್ಪನ ಬೆನ್ನಿಗೆ ಬಿದ್ದ ತಂಗಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಎಡಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಹೊಸ್ತಿಲ ಹೊರಗೆ ನಿಂತು, “ಅತ್ತಿಗಿ, ಅಣ್ಣ ಸಾಲಿಗೆ ಹೋದ್ನೇನು?” ಎಂದಳು. ದನಿ ಮಾಮೂಲಿನಂತೆಯೇ ಇತ್ತು. ಒಳಗೆ ಕರೆದು ನೀರು ಕೊಟ್ಟರೆ ಬಲಗೈಯಿಂದಷ್ಟೇ ತಂಬಿಗೆ ಹಿಡಿದಳು. ಆಗ ನಾನೇ ಸೆರಗು ಸರಿಸಿ ನೋಡಿದೆ. ಎರಡು ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. “ಬಾಗಲದಾಗ ಸಿಕ್ಕು” ಎಂದಳು. ನಾನು ಅರಿಶಿನ ತೇಯತೊಡಗಿದೆ. ಬೆರಳಿಗೆ ಹಚ್ಚುವಾಗ ಅವಳೇ, “ಬಾಗಲಾ ಅವನ ಮುಚ್ಚಿದ ಅತ್ತಿಗಿ. ನನ್ನ ಕೈ ಅಲ್ಲೈತಿ ಅಂತ ನೋಡೇ ಮುಚ್ಚಿದ” ಎಂದಳು.

ಬೇರೆ ಊರುಗಳಲ್ಲಿ ಇಂಥ ಹೆಣ್ಣಿಗೆ ಏನಾದರೂ ಒಂದು ದಾರಿ ಇರುತ್ತದೆಂದು ಕೇಳಿದ್ದೇನೆ. ನಮ್ಮೂರಲ್ಲಿ ಇರಲಿಲ್ಲ. ಊರ ಬಡಗಣ ಗುಡ್ಡದ ಬಂಡೆಯಲ್ಲಿ ಒಂದು ಸಂಖ್ಯೆ ಕೊರೆದಿದೆ. ಒಂದೇ ಸಾಲು. ಈ ತುದಿಯ ಅಂಕಿಯ ಕೆಳಗೆ ನಿಂತವರಿಗೆ ಆ ತುದಿಯ ಅಂಕಿ ಮಸುಕಾಗಿ ಕಾಣುವಷ್ಟು ಉದ್ದ. ಆ ಸಂಖ್ಯೆ ಒಡೆಯುವ ತನಕ ಊರಿನಲ್ಲಿ ಕೂಡಿದ್ದು ಯಾವುದೂ ಒಡೆಯುವಂತಿಲ್ಲ. ಒಡೆಯುವುದೆಂದರೆ ಎರಡು ಸಣ್ಣ ಸಂಖ್ಯೆಗಳನ್ನು, ಅಂದರೆ ಎರಡು ತುಂಡುಗಳನ್ನು, ಗುಣಿಸಿ ಬಂಡೆಯ ಮೇಲಿರುವುದನ್ನೇ ಬರಿಸಿ ತೋರಿಸುವುದು. ಹದಿನೈದು ಮೂರು, ಐದು ಎಂದು ಒಡೆಯುತ್ತದಲ್ಲ, ಹಾಗೆ. ಹಾಗೆ ಒಡೆದು ತೋರಿಸಿದವರು ಯಾರೂ ಇರಲಿಲ್ಲ. ಆದ್ದರಿಂದ ಮನೆಗಳು ಒಡೆಯುತ್ತಿರಲಿಲ್ಲ, ಮದುವೆಗಳು ಮುರಿಯುತ್ತಿರಲಿಲ್ಲ, ಪಾಲುಗಾರರು ಬೇರೆಯಾಗುತ್ತಿರಲಿಲ್ಲ. ಪೇಟೆಯ ಕಿರಾಣಿ ಅಂಗಡಿಯ ಹಲಗೆಯ ಮೇಲೆ ಏಳು ಪಾಲುಗಾರರ ಹೆಸರಿದ್ದವು, ಅವರಲ್ಲಿ ಮೂವರು ಸತ್ತು ಎಷ್ಟೋ ಕಾಲವಾಗಿತ್ತು. ಜಗಳವಾಡಿಕೊಂಡ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು, ಒಂದೇ ಒಲೆಯ ಮುಂದೆ ಕೂತು ಒಬ್ಬರಿಗೊಬ್ಬರು ಮಾತಾಡದೆ ಒಲೆಗೆ ಹೇಳುತ್ತಿದ್ದರು, “ಒಲಿಯವ್ವಾ, ಉಪ್ಪು ಎಲ್ಲಿಟ್ಟಾರ ಕೇಳು” ಎಂದು. ಊರ ಹಿರಿಯ ಬಾಳನಗೌಡರಿಗೂ ಅವರ ತಮ್ಮನಿಗೂ ಹರೆಯದಲ್ಲೇ ಮಾತು ಬಿಟ್ಟಿತ್ತು. ಇಬ್ಬರೂ ಮನೆಯ ಮುಂದಿನ ಒಂದೇ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಮಾಡಿ ಕೂತು ಮುದುಕರಾಗಿದ್ದರು. ಊರು ಬಿಟ್ಟು ಹೋಗಬಹುದಿತ್ತು, ಆದರೆ ಕೂಡಿಕೊಂಡವರನ್ನೆಲ್ಲ ಕಟ್ಟಿಕೊಂಡೇ ಹೋಗಬೇಕಿತ್ತು. ಕಾಶವ್ವ ಊರು ಬಿಟ್ಟು ಎಲ್ಲಿಗೆ ಹೋದರೂ ಅವಳ ಗಂಡ ದುಂಡಪ್ಪ ಜೊತೆಗೇ ಹೋಗಬೇಕಿತ್ತು.

ದುಂಡಪ್ಪನನ್ನು ನೋಡಿದವರು ಯಾರೂ ಅವನ ಮೇಲೆ ಒಂದು ಮಾತು ಹೇಳುತ್ತಿರಲಿಲ್ಲ. ನಮ್ಮೂರ ಪೇಟೆಯಲ್ಲೇ ಅರಿವೆ ಅಂಗಡಿ ಅವನದು. ಬಂದ ಗಿರಾಕಿಗೆ ಮೊದಲು ನೀರು, ಆಮೇಲೆ ಬಟ್ಟೆ. ಹಿರಿಯರು ಕಂಡರೆ ಗಾದಿಯಿಂದ ಎದ್ದು ನಿಲ್ಲುವನು. ಅವನು ದನಿ ಎತ್ತರಿಸಿದ್ದನ್ನು ನಾನಂತೂ ಕೇಳಿಲ್ಲ. ಕಾಶವ್ವ ಹೇಳುತ್ತಿದ್ದಳು, “ಅವ ಚೀರ್ಯಾಡಿದ್ರ ಬೇಕಾಗಿತ್ತು. ಆಜೂಬಾಜೂ ಮಂದಿಗರ ಕೇಳ್ತಿತ್ತು.”

ಆ ದಿನ ಸಂಜೆ ನನ್ನ ಗಂಡ ಶಾಲೆಯಿಂದ ಬಂದು ತಂಗಿಯ ಕೈ ನೋಡಿದರು. ಅವರು ಶಾಲೆಯಲ್ಲಿ ಲೆಕ್ಕ ಕಲಿಸುವವರು. ಜಗಳಕ್ಕೆ ಹೋಗುವ ಜಾತಿಯವರಲ್ಲ. ಹೊರಗೆ ಹೋಗಿ, ಗುಡ್ಡದ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತರು. ಒಳಗೆ ಬಂದಾಗ, “ಕಾಶೀ, ಸ್ವಲ್ಪ ದಿನ ತಡಕೋ. ನಾ ಅದನ್ನ ಒಡೀತೀನಿ” ಎಂದರು. ಅದನ್ನು ಎಷ್ಟು ಸರಳವಾಗಿ ಹೇಳಿದರೆಂದರೆ, ನಾಳೆ ಕಟ್ಟಿಗೆ ಒಡೆದು ಹಾಕುತ್ತೇನೆ ಎಂದ ಹಾಗಿತ್ತು. ಕಾಶವ್ವ ನಕ್ಕಳು. ನಾನೂ ನಕ್ಕೆ. ಅವರು ನಗಲಿಲ್ಲ.

ಶಾಲೆಯ ಹಳೆಯ ಪರೀಕ್ಷೆಯ ಹಾಳೆಗಳನ್ನು ಕಟ್ಟುಕಟ್ಟಾಗಿ ಮನೆಗೆ ತಂದರು. ಅವುಗಳ ಖಾಲಿ ಬೆನ್ನ ಮೇಲೆ ಲೆಕ್ಕ ಶುರುವಾಯಿತು. ಹೊತ್ತು ಮೂಡುವ ಮುಂಚೆ ಎದ್ದು ಕೂರುವರು, ಶಾಲೆಯಿಂದ ಬಂದವರೇ ಕೈಕಾಲು ತೊಳೆಯದೆ ಕೂರುವರು. ಕಾಶವ್ವನ ಬೆರಳು ವಾಸಿಯಾಗಲಿಲ್ಲ, ಸೊಟ್ಟಗೆ ಕೂಡಿಕೊಂಡವು. ದುಂಡಪ್ಪ ದಿನ ಬಿಟ್ಟು ದಿನ ಬಂದು ಜಗಲಿಯ ಮೇಲೆ ಕೂತು, “ಮಾಸ್ತರ, ಮನಿ ಬಿಕೋ ಅಂತೈತ್ರಿ. ಕಳಿಸಿಕೊಡ್ರಲ್ಲ” ಎಂದು ಮೆಲ್ಲಗೆ ಕೇಳಿ ಹೋಗುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಗಂಡ ಒಂದು ಬೆಳಿಗ್ಗೆ ಹಾಳೆಗಳಿಂದ ತಲೆಯೆತ್ತಿ, “ಒಡೀತೈತಿ” ಎಂದರು. ಕಣ್ಣಲ್ಲಿ ನೀರಿತ್ತು. “ಅದು ಒಡೆಯೂ ಸಂಖ್ಯಾನ. ಇಷ್ಟು ದಿನ ಎಲ್ಲಾರೂ ಒಡೆಯೂದಿಲ್ಲ ಅಂತ ತಿಳಿದಿದ್ರು. ಒಡೀತೈತಿ.”

ಚಾವಡಿಯಲ್ಲಿ ಹಿರಿಯರು ಸೇರಿದರು. ಕಾಶವ್ವ ಕಂಬದ ಮರೆಯಲ್ಲಿ ನಿಂತಿದ್ದಳು, ಪಕ್ಕದಲ್ಲಿ ನಾನು. ನನ್ನ ಗಂಡ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. “ಏಳನ್ನ ತಗೋರಿ. ಎರಡನ್ನ ಏಳಕ್ಕಿಂತ ಒಂದು ಕಡಿಮಿ, ಅಂದ್ರ ಆರು ಸಲ ಇಟ್ಟು ಗುಣಸ್ರಿ, ಅರವತ್ನಾಕು. ಏಳರಿಂದ ಭಾಗಿಸಿದ್ರ ಒಂದು ಉಳೀತೈತಿ. ಒಡೆಯದ ಸಂಖ್ಯಾಕ್ಕ ಹಿಂಗ ಒಂದ ಉಳೀಬೇಕು, ಮತ್ತೊಂದು ಉಳ್ಯಾಂಗಿಲ್ಲ. ಈಗ ಒಂಬತ್ತನ್ನ ತಗೋರಿ. ಎರಡನ್ನ ಎಂಟು ಸಲ ಗುಣಸ್ರಿ, ಇನ್ನೂರಾ ಐವತ್ತಾರು. ಒಂಬತ್ತರಿಂದ ಭಾಗಿಸಿದ್ರ ನಾಕು ಉಳೀತೈತಿ. ಒಂದಲ್ಲ. ಅಂದಮ್ಯಾಲೆ ಒಂಬತ್ತು ಒಡೀತೈತಿ. ಮೂರಮೂರಲೆ ಒಂಬತ್ತು ಅನ್ನೂದು ಗೊತ್ತಿರದಿದ್ರೂ, ಒಡೀತೈತಿ ಅಂತ ಹೇಳಬಹುದು. ಬಂಡೆಯ ಸಂಖ್ಯಾಕ್ಕ ನಾ ಇದನ್ನ ಮಾಡೀನಿ. ಒಂದು ಉಳೀಲಿಲ್ಲ.”

ಬಾಳನಗೌಡರು ಬಹಳ ಹೊತ್ತು ಗೋಡೆ ನೋಡಿದರು. ಅವರು ಕೆಟ್ಟವರಲ್ಲ. ಅವರಿಗೂ ಅದು ಒಡೆಯಲಿ ಎಂಬ ಆಸೆಯಿತ್ತು ಎನ್ನುವುದು ಮುಖದ ಮೇಲೆ ಕಾಣುತ್ತಿತ್ತು. “ಅದೆಲ್ಲಾ ಖರೇ ಇರಬೇಕು ಮಾಸ್ತರ. ತುಂಡು ಎಲ್ಲಿ?”

“ತುಂಡು ಗೊತ್ತಿಲ್ರಿ ಗೌಡ್ರ. ಒಡೀತೈತಿ ಅನ್ನೂದು ಗೊತ್ತೈತಿ.”

“ಎಲ್ಲಿ ಒಡೀತೈತಿ?”

“ಅದ ಗೊತ್ತಿಲ್ರಿ. ಈ ಲೆಕ್ಕಾ ಅದನ್ನ ಹೇಳೂದಿಲ್ಲ.”

“ಗಡಗಿ ಒಡದೈತಿ ಅಂತೀರಿ. ಬಿರುಕು ತೋರ್ಸೂದಿಲ್ಲ. ನೀರು ಸೋರೂದಿಲ್ಲ. ನಾ ಹೆಂಗ ಊರಿಗೆ ಹೇಳ್ಲಿ?” ಗೌಡರು ಎದ್ದರು. “ತುಂಡು ತರ್ರಿ. ತಂದ ದಿನ ನೋಡೂಣು.”

ಅವತ್ತು ಸಂಜೆಯೇ ಕಾಶವ್ವ ಗಂಡನ ಮನೆಗೆ ಹೊರಟಳು. ನಾನು ತಲೆ ಬಾಚಿ ಹೂ ಮುಡಿಸುತ್ತಿದ್ದಾಗ ಅವಳ ಮುಖದಲ್ಲಿ ಒಂದು ಬೆಳಕಿತ್ತು. “ಒಡೀತೈತಿ ಅಂತ ಗೊತ್ತಾತಲ್ಲ ಅತ್ತಿಗಿ. ಇಂದಲ್ಲ ನಾಳೆ” ಎಂದಳು. ಅದೊಂದು ಮಾತನ್ನು ಅವಳು ವರ್ಷಾನುಗಟ್ಟಲೆ ಉಂಡಳು. ದುಂಡಪ್ಪನಿಗೂ ಅದು ಗೊತ್ತಿತ್ತು. ಊಟಕ್ಕೆ ಕೂತಾಗ, “ನಿಮ್ಮಣ್ಣಗ ತುಂಡು ಸಿಕ್ತೇನು?” ಎಂದು ನಗುನಗುತ್ತ ಕೇಳುವನಂತೆ. ಅವಳು ಉತ್ತರ ಕೊಟ್ಟರೂ ಹೊಡೆತ, ಕೊಡದಿದ್ದರೂ ಹೊಡೆತ.

ನನ್ನ ಗಂಡ ಹುಡುಕುತ್ತಲೇ ಇದ್ದರು. ಒಂದೊಂದೇ ಸಂಖ್ಯೆ ಹಿಡಿದು ಬಂಡೆಯದನ್ನು ಭಾಗಿಸುವುದು, ಶೇಷ ಉಳಿದರೆ ಹೊಡೆದು ಹಾಕಿ ಮುಂದಿನದಕ್ಕೆ ಹೋಗುವುದು. ಹೀಗೆ ಹೋದರೆ ನೂರು ಜನ್ಮ ಸಾಲದು ಎಂದು ಅವರಿಗೂ ಗೊತ್ತಿತ್ತು. ಆದ್ದರಿಂದ ಎಂಥ ಸಂಖ್ಯೆಗಳನ್ನು ನೋಡುವ ಅಗತ್ಯವೇ ಇಲ್ಲ ಎನ್ನುವುದನ್ನು ಹುಡುಕಿದರು. ಹುಡುಕಿ ಹುಡುಕಿ ದಾರಿ ಸಣ್ಣದು ಮಾಡಿಕೊಂಡರು. ದಾರಿ ಸಣ್ಣದಾದರೂ ಉದ್ದ ಮುಗಿಯಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಮೊದಮೊದಲು ಅದರ ಬಗ್ಗೆ ಮಾತಾಡುತ್ತಿದ್ದೆವು, ಆಮೇಲೆ ಬಿಟ್ಟೆವು. ಊಟ ಮಾಡುವಾಗ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಅಂಕಿ ಬರೆಯುವರು. ಕಾಶವ್ವನ ಹೆಸರು ಅವರ ಬಾಯಲ್ಲಿ ಬರುವುದು ಕಡಿಮೆಯಾಯಿತು. ಅವರು ಅವಳನ್ನು ಮರೆತಿರಲಿಲ್ಲ. ಆದರೆ ಅವಳೂ ಸಂಖ್ಯೆಯೂ ಅವರೊಳಗೆ ಒಂದೇ ಆಗಿ ಹೋಗಿದ್ದವು. ಒಂದನ್ನು ನೆನೆದರೆ ಇನ್ನೊಂದನ್ನು ನೆನೆದ ಹಾಗೆ ಎಂದು ತಿಳಿದಿದ್ದರು.

ಈ ನಡುವೆ ಕಾಶವ್ವನಿಗೆ ಮಗಳು ಹುಟ್ಟಿದಳು. ತುಂಗಾ ಎಂದು ಹೆಸರಿಟ್ಟರು. ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಗ ಕಾಶವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಹಾಡುತ್ತಿದ್ದಳು. ಅವಳು ಹಾಡಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಮಗು ನಡೆಯತೊಡಗಿದ ಮೇಲೆ ಅವಳು ಅಣ್ಣನಿಗೆ ತುಂಡಿನ ಸುದ್ದಿ ಕೇಳುವುದನ್ನು ಬಿಟ್ಟಳು. ತುಂಗಾ ಶಾಲೆಗೆ ಸೇರಿದ ವರ್ಷ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಅವಳೇ ಮಾತು ತೆಗೆದಳು. “ಅತ್ತಿಗಿ, ಅಣ್ಣಗ ಸಾಕು ಅಂತ ಹೇಳು.”

“ಯಾಕ?”

“ಒಡೆಯೂದ ಇಲ್ಲ ಅಂದಿದ್ರ ನಾ ಎಂದೋ ಸುಮ್ನಾಗಿಬಿಡ್ತಿದ್ದೆ. ಇಂದಲ್ಲ ನಾಳೆ, ಇಂದಲ್ಲ ನಾಳೆ ಅಂತ ಕುಂತು ಕುಂತು ನನ್ನ ಜೀವಾ ಅರ್ಧ ಆತು. ಈಗ ತುಂಗಾ ಅದಾಳ. ನಾ ನಡುವ ನಿಂತ್ರ ಆಕಿ ಮ್ಯಾಲೆ ಕೈ ಬೀಳೂದಿಲ್ಲ. ನನ್ನ ಮ್ಯಾಲೆ ಬೀಳೂದು ನನಗ ರೂಢಿ ಆಗೇತಿ.” ಸೊಟ್ಟ ಬೆರಳುಗಳಲ್ಲಿ ಸೀರೆ ಹಿಂಡುತ್ತ, “ಒಡದು ಏನ ಆಗ್ತೈತೋ ಯಾರಿಗೆ ಗೊತ್ತು. ಬ್ಯಾಡಂತ ಹೇಳು” ಎಂದಳು.

ನಾನು ಹೇಳಿದೆ. ಅವರು ಕೇಳಿಸಿಕೊಂಡರು, ತಲೆಯನ್ನೂ ಆಡಿಸಿದರು. “ಇನ್ನ ಸ್ವಲ್ಪ ಐತಿ” ಎಂದರು. “ಹತ್ರ ಬಂದೀನಿ ಅನ್ಸ್ತೈತಿ. ಈಗ ಬಿಟ್ರ ಆಕಿ ಇಷ್ಟು ವರ್ಷ ತಿಂದ ಪೆಟ್ಟು ನೀರಾಗ ಹೋದಂಗ.”

ಬೇಸಿಗೆಯ ಒಂದು ಮಧ್ಯಾಹ್ನ ಅವರು ತರಗತಿಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಓಡಿ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮಕ್ಕಳಿಗೆ ಭಾಗಾಕಾರ ಹಾಕಿಕೊಟ್ಟು ತಾವು ತಮ್ಮ ಲೆಕ್ಕ ಮಾಡುತ್ತ ಕೂತಿದ್ದರಂತೆ. ಶೇಷ ಸೊನ್ನೆ ಬಂದಿತಂತೆ. ಮನೆಗೆ ಬಂದು ಮೂರು ಸಲ ಮಾಡಿ ನೋಡಿದರು, ಮೂರು ಸಲವೂ ಸೊನ್ನೆ. “ಎರಡ ತುಂಡು” ಎಂದರು. “ಒಂದು ಸಣ್ಣದು, ಒಂದು ಭಾಳ ದೊಡ್ಡದು.”

“ಚಾವಡಿಗೆ ಹೋಗೂ ಮೊದ್ಲ ಕಾಶವ್ವಗ ಒಂದ ಮಾತು ಹೇಳ್ರಿ” ಎಂದೆ.

“ಆಕಿ ಸಲುವಾಗೇ ಅಲ್ಲೇನ ಇದೆಲ್ಲಾ?”

“ಆಕಿ ಬ್ಯಾಡ ಅಂದಾಳ.”

ಅವರು ನನ್ನ ಮುಖ ನೋಡಿದರು. ನೋಡಿದರೇ ಹೊರತು ನಾನು ಹೇಳಿದ್ದು ಅವರಿಗೆ ತಲುಪಲಿಲ್ಲ. ಹಾಳೆಗಳನ್ನು ಎದೆಗೆ ಅವುಚಿಕೊಂಡು ಬರಿಗಾಲಲ್ಲೇ ಹೊರಟುಹೋದರು.

ಚಾವಡಿಯ ಗೋಡೆಯ ಮೇಲೆ ಅವರು ಎರಡು ತುಂಡುಗಳನ್ನು ಒಂದರ ಕೆಳಗೊಂದು ಬರೆದು ಗುಣಿಸತೊಡಗಿದರು. ಸೀಮೆಸುಣ್ಣದ ಸದ್ದು ಮಾತ್ರ. ಊರು ಒಬ್ಬೊಬ್ಬರಾಗಿ ಬಂದು ನೆರೆಯಿತು. ಸಾಲಿನ ಕೆಳಗೆ ಸಾಲು ಇಳಿದು ಕೂಡುವ ಹೊತ್ತಿಗೆ ಬಿಸಿಲು ತಗ್ಗಿತ್ತು. ಬಂಡೆಯ ಕೆಳಗಿನಿಂದ ಚಾವಡಿಯವರೆಗೆ ಜನ ಸಾಲಾಗಿ ನಿಂತರು. ಬಂಡೆಯ ಹತ್ತಿರವಿದ್ದವನು ಒಂದೊಂದೇ ಅಂಕಿ ಕೂಗಿದ, ಆ ಕೂಗನ್ನು ಒಬ್ಬರಿಂದ ಒಬ್ಬರು ದಾಟಿಸಿದರು. ಬಾಳನಗೌಡರು ಗೋಡೆಯ ಮೇಲಿನ ಅಂಕಿಯ ಮೇಲೆ ಬೆರಳಿಟ್ಟು ಹೂಂ ಎನ್ನುತ್ತ ಹೋದರು. ಕೊನೆಯ ಹೂಂ ಆದ ಮೇಲೆ ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಗೌಡರು ತಿರುಗಿ ತಮ್ಮನ ಕಡೆ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಅವನ ಮುಖ ನೋಡಿದ್ದು ಅದೇ ಮೊದಲಿರಬೇಕು. ಮನೆಗೆ ಹೋಗಿ ಪಾತ್ರೆಗಳನ್ನು ಹೊರಗೆ ತಂದಿಡತೊಡಗಿದರು.

ಮರುದಿನದಿಂದ ಊರು ಒಡೆಯಿತು. ಎಲ್ಲೆಲ್ಲೂ ಗೋಡೆ ಎಬ್ಬಿಸುವ, ಕಪಾಟು ಸಾಗಿಸುವ ಸದ್ದು. ಸಂಖ್ಯೆ ಎರಡೇ ತುಂಡಾಗಿದೆ, ಆದ್ದರಿಂದ ಯಾವುದೇ ಆಗಲಿ ಎರಡೇ ಪಾಲು ಎಂದು ಹಿರಿಯರು ಠರಾಯಿಸಿದರು. ಮೂವರು ಅಣ್ಣತಮ್ಮಂದಿರಿದ್ದ ಮನೆಯಲ್ಲಿ ಒಬ್ಬ ಇನ್ನೊಬ್ಬನ ಪಾಲಿಗೆ ಅಂಟಿಕೊಂಡೇ ಉಳಿಯಬೇಕಾಯಿತು. ಸತ್ತ ಪಾಲುಗಾರರ ಹೆಸರುಗಳೂ ಹಲಗೆಯ ಜೊತೆ ಗರಗಸದಲ್ಲಿ ಇಬ್ಭಾಗವಾದವು. ನಾನು ಕಾಶವ್ವನಿಗಾಗಿ ಕೋಣೆ ಸಾರಿಸಿ, ತುಂಗಾಳಿಗೆ ಒಂದು ಸಣ್ಣ ಹಾಸಿಗೆ ಹೊಲಿದೆ. ನನ್ನ ಗಂಡ, ಮದುವೆ ಒಡೆಯಬೇಕೆಂದು ಚಾವಡಿಯಲ್ಲಿ ಕೇಳಿಕೊಳ್ಳುವುದಕ್ಕೆ, ತಂಗಿಯನ್ನು ಕರೆತರಲು ಹೊರಡುವವರಿದ್ದರು. ಅಷ್ಟರಲ್ಲಿ ಚಾವಡಿಯಿಂದಲೇ ಕರೆ ಬಂತು. ದುಂಡಪ್ಪ ಮುಂಚೆ ಹೋಗಿ ಹೇಳಿಕೊಂಡಿದ್ದ. ಒಡೆಯಬೇಕು ಎಂದು ಅವನೇ ಕೇಳಿದ್ದ.

ನಾವು ಹೋದಾಗ ಅವನು ಕೈಕಟ್ಟಿ ನಿಂತಿದ್ದ. ಬಿಳಿ ಅಂಗಿ, ಹಣೆಗೆ ವಿಭೂತಿ. ಕಾಶವ್ವ ತುಂಗಾಳ ಎರಡೂ ಭುಜ ಹಿಡಿದು ತನ್ನ ಮುಂದೆ ನಿಲ್ಲಿಸಿಕೊಂಡಿದ್ದಳು. “ಆಕಿಗೆ ನನ್ನ ಜೋಡಿ ಬಾಳೂದು ಎಂದೂ ಬೇಕಾಗಿರಲಿಲ್ರಿ” ಎಂದು ದುಂಡಪ್ಪ ತಣ್ಣಗೆ ಹೇಳಿದ. “ಅವರಣ್ಣ ಇಷ್ಟು ಕಷ್ಟಪಟ್ಟು ದಾರಿ ಮಾಡಿಕೊಟ್ಟಾರ. ನಾ ಯಾಕ ಅಡ್ಡ ಬರ್ಲಿ? ಹೋಗ್ಲಿ. ಕೂಸನ್ನ ಮಾತ್ರ ಮನ್ಯಾಗ ಬಿಟ್ಟು ಹೋಗ್ಲಿ.”

ಗೌಡರು ಕಾಶವ್ವನನ್ನು ಕೇಳಿದರು, “ನೀ ಏನಂತೀವಾ?”

“ನನಗ ಒಡೆಯೂದು ಬ್ಯಾಡ್ರಿ. ನಾ ಅಲ್ಲೇ ಇರ್ತೀನಿ.”

“ಒಬ್ರು ಕೇಳಿದ್ರೂ ಒಡೀಬೇಕವಾ. ಈಗ ತಡೆಯೂ ಸಂಖ್ಯಾ ಇಲ್ಲ.” ಗೌಡರು ಪಕ್ಕದ ಹಿರಿಯರ ಜೊತೆ ಮೆಲ್ಲಗೆ ಮಾತಾಡಿದರು. ಕೂಸು ದೊಡ್ಡ ತುಂಡಿಗೆ ಸೇರಬೇಕು ಎಂದಾಯಿತು. ಮನೆ, ಅಂಗಡಿ, ಅತ್ತೆಮಾವ ಇರುವುದು ದೊಡ್ಡ ತುಂಡು. ಒಬ್ಬಳೇ ಹೆಂಗಸು ಸಣ್ಣ ತುಂಡು. ಕಾಶವ್ವ ಕೂಸಿನ ಭುಜ ಬಿಡಲಿಲ್ಲ. “ಇರಲಿ ಗೌಡ್ರ. ಕೂಸು ಅಲ್ಲೇ ಇರಲಿ. ನಾ ದಿನಾ ಹೋಗಿ ತಲಿ ಬಾಚಿ ಬರ್ತೀನಿ. ಉಣಿಸಿ ಬರ್ತೀನಿ. ಅಷ್ಟಕ್ಕ ಒಪ್ಕೋರಿ.”

ಗೌಡರಿಗೆ ಕರುಳು ಚುರುಕ್ ಎಂದಿರಬೇಕು. ಆಗಬಹುದೇನೋ ಎಂಬಂತೆ ನನ್ನ ಗಂಡನ ಕಡೆ ತಿರುಗಿದರು. “ಮಾಸ್ತರ, ಈ ಎರಡೂ ತುಂಡಿನೊಳಗ ಕೂಡಿ ಇರೂವಂಥಾದು ಏನಾರ ಐತೇನು? ಒಂದ ಸಂಖ್ಯಾ, ಇದರಾಗೂ ಹೋಗೂವಂಥಾದು, ಅದರಾಗೂ ಹೋಗೂವಂಥಾದು? ಇದ್ರ ತಾಯಿಗೂ ಕೂಸಿಗೂ ನಡುವ ಒಂದು ಹಾದಿ ಬಿಡಬಹುದು.”

ನಾನು ಗಂಡನ ತೋಳು ಹಿಡಿದು, ಗೊತ್ತಿಲ್ಲ ಅನ್ನಿ ಎಂದು ಕಿವಿಯಲ್ಲಿ ಹೇಳಿದೆ. ಗೊತ್ತಿಲ್ಲ ಅಂದಿದ್ದರೆ ಏನಾಗುತ್ತಿತ್ತೋ. ದೊಡ್ಡದರಲ್ಲಿ ಸಣ್ಣದನ್ನು ಕಳೆಯುತ್ತ ಹೋದರೆ ಎರಡರಲ್ಲೂ ಇರುವಂಥದು ಏನೂ ಇಲ್ಲವೆಂದು ಅವರ ಶಾಲೆಯ ಮಕ್ಕಳೇ ಕಂಡುಕೊಳ್ಳಬಹುದಿತ್ತು, ಸುಳ್ಳು ಹೊರಬೀಳುತ್ತಿತ್ತು. ಆದರೆ ಅವರು ಅದನ್ನೆಲ್ಲ ಯೋಚಿಸಿದರೆಂದು ನನಗನ್ನಿಸುವುದಿಲ್ಲ. ತಮಾಷೆಗೂ ಹಲಗೆಯ ಮೇಲೆ ತಪ್ಪು ಉತ್ತರ ಬರೆಯಲಾಗದ ಮನುಷ್ಯ. ಕೇಳಿದ್ದಕ್ಕೆ ಬಾಯಿ ತಾನಾಗಿ ತೆರೆಯಿತು. “ಇಲ್ರಿ. ಎರಡೂ ಒಡೆಯದ ಸಂಖ್ಯಾ. ಒಂದು ಬಿಟ್ರ ಎರಡರೊಳಗೂ ಇರೂವಂಥಾದು ಏನೂ ಇಲ್ಲ. ಒಂದು ಅನ್ನೂದು ಎಲ್ಲಾದ್ರೊಳಗೂ ಇರತೈತಿ, ಅದು ಲೆಕ್ಕಕ್ಕ ಬರೂದಿಲ್ಲ.”

“ಆ ಒಂದರ ಕೊಡ್ರಿ!” ಕಾಶವ್ವ ಕೂಗಿದಳು. ಅವಳ ದನಿ ಹಾಗೆ ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ. “ಎಲ್ಲಾದ್ರೊಳಗೂ ಇರೂದು ಅಂತೀಯಲ್ಲೋ ಅಣ್ಣಾ, ನನ್ನ ತುಂಗಾನ ಆ ಒಂದು ಅಂತ ತಿಳಿರಿ. ಲೆಕ್ಕಕ್ಕ ಬರದಿದ್ರ ಬರದಿರಲಿ. ನನಗ ಕೊಡ್ರಿ.”

ನನ್ನ ಗಂಡ ಸೀಮೆಸುಣ್ಣ ಮೆತ್ತಿದ ತಮ್ಮ ಬೆರಳುಗಳನ್ನೇ ನೋಡುತ್ತ ನಿಂತಿದ್ದರು. ಗೌಡರು ತಗ್ಗಿದ ದನಿಯಲ್ಲಿ ತೀರ್ಪು ಹೇಳಿದರು. ಎರಡು ತುಂಡಿನ ನಡುವೆ ಕೂಡುವಂಥದು ಏನೂ ಇಲ್ಲದ್ದರಿಂದ ತಾಯಿಗೂ ಮಗಳಿಗೂ ಕೂಡುವಂಥದು ಏನೂ ಇರಕೂಡದು. ಒಂದೇ ಸೂರಿನಡಿ ಇಬ್ಬರೂ ನಿಲ್ಲಕೂಡದು, ಒಂದೇ ನೀರು ಸೇದಕೂಡದು, ಒಬ್ಬರ ಕೈಯದನ್ನು ಇನ್ನೊಬ್ಬರು ಉಣ್ಣಕೂಡದು. ತುಂಡುಗಳು ಇನ್ನು ಒಡೆಯುವುದಿಲ್ಲ, ಆದ್ದರಿಂದ ಈ ತೀರ್ಪಿಗೂ ಇನ್ನು ಬದಲಿಲ್ಲ. ದುಂಡಪ್ಪ ಕೈ ಚಾಚಿ, “ಬಾರವಾ ತುಂಗಾ” ಎಂದ. ಕಾಶವ್ವನ ಬೆರಳುಗಳನ್ನು ಕೂಸಿನ ಭುಜದಿಂದ ಬಿಡಿಸಿದ್ದು ನಾನು. ಬೇರೆಯವರು ಬಂದು ಬಿಡಿಸುವುದು ನನಗೆ ಬೇಡವಾಗಿತ್ತು.

ಮನೆಗೆ ಬಂದ ಮೇಲೆ ಕಾಶವ್ವ ಅಳಲಿಲ್ಲ. ಕೆಲವು ದಿನ ನಾನು ಹೊಲಿದಿದ್ದ ಸಣ್ಣ ಹಾಸಿಗೆಯ ಮೇಲೆ ಕಾಲು ಮಡಚಿಕೊಂಡು ಕೂತಿರುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಎದ್ದು ಬಂದು ಅಣ್ಣನ ಮುಂದೆ ನಿಂತು ಕೇಳಿದಳು, “ಆ ಎರಡೂ ತುಂಡು ಗುಣಿಸಿದ್ರ ಮತ್ತ ಅದ ಸಂಖ್ಯಾ ಬರ್ತೈತಿ, ಹೌದಲ್ಲೋ?”

“ಹೌದು.”

“ಒಡಿಲಿಕ್ಕ ನಿನ್ನ ಅರ್ಧ ಆಯುಷ್ಯ ಹೋತು. ಕೂಡಿಸಲಿಕ್ಕ ಎಷ್ಟು ಹೊತ್ತು ಬೇಕು?”

“ಒಂದು ಮಧ್ಯಾಹ್ನ ಸಾಕು” ಎಂದರು ಅವರು, ನೆಲ ನೋಡುತ್ತ.

“ಹಂಗಾದ್ರ ನಡಿ. ಗೌಡ್ರ ಮುಂದ ಕೂಡಿಸಿ ತೋರಿಸು. ಸಂಖ್ಯಾ ಮೊದಲಿನಂಗ ಆಗೇತಿ ಅಂತ ಹೇಳು.”

ಅವರು ಹೋದರು. ಹಿಂದಿನ ಸಲದಷ್ಟೇ ಶ್ರದ್ಧೆಯಿಂದ ಅದೇ ಗೋಡೆಯ ಮೇಲೆ ಅದೇ ಗುಣಾಕಾರ ಮಾಡಿದರು. ನೋಡಲು ಈ ಸಲ ಯಾರೂ ಬಂದಿರಲಿಲ್ಲ. ಗೌಡರು ಒಬ್ಬರೇ ಕುರ್ಚಿಯ ಮೇಲೆ ಕೂತಿದ್ದರು. ಅವರ ಮನೆ ಎರಡಾಗಿತ್ತು. ತಮ್ಮನ ಪಾಲಿನ ಕಡೆಗೆ ಗೋಡೆ ಎದ್ದಿತ್ತು. ಕಟ್ಟೆಯ ಮೇಲೆ ಬೆನ್ನಿಗೆ ಆತುಕೊಳ್ಳುವವರಿಲ್ಲದೆ ಅವರ ನಡು ಹಿಡಿದುಕೊಂಡಿತ್ತು ಎಂದು ಜನ ಆಡಿಕೊಳ್ಳುತ್ತಿದ್ದರು. ಗುಣಾಕಾರ ಮುಗಿದಾಗ ಅವರು ಎದ್ದು ಬಂದು ಕೊನೆಯ ಸಾಲು ಓದಿದರು. “ಸಂಖ್ಯಾ ಬಂತು ಮಾಸ್ತರ” ಎಂದರು. “ಅದು ಎಂದೂ ಹೋಗಿರಲಿಲ್ಲ, ಬಂಡೆಗಲ್ಲಿನ ಮ್ಯಾಲೇ ಐತಿ. ಆದ್ರ ಎಲ್ಲಿ ಒಡೀತೈತಿ ಅನ್ನೂದು ಈಗ ಎಲ್ಲಾರಿಗೂ ಗೊತ್ತಾಗೇತಿ. ಅದನ್ನ ಗೊತ್ತಿಲ್ಲದಂಗ ಮಾಡೂ ಲೆಕ್ಕಾ ಐತೇನು ನಿಮ್ಮ ಕಡೆ?” ನನ್ನ ಗಂಡ ಇಲ್ಲವೆಂದು ತಲೆಯಾಡಿಸಿದರು. ಹಾಗಿದ್ದರೆ ಹೋಗಿ ಎಂಬಂತೆ ಗೌಡರು ಕೈ ಮಾಡಿದರು.

ಅಂದಿನಿಂದ ಮನೆಯಲ್ಲಿ ಹಾಳೆಗಳಿಲ್ಲ. ಅವರು ಶಾಲೆಗೆ ಹೋಗುತ್ತಾರೆ, ಬರುತ್ತಾರೆ, ಗೋಡೆಗೆ ಒರಗಿ ಕೂರುತ್ತಾರೆ. ಕಾಶವ್ವ ಅವರಿಗೆ ಊಟ ಬಡಿಸುತ್ತಾಳೆ, ಸಾಕಾ ಬೇಕಾ ಎಂದು ಕೇಳುವುದಿಲ್ಲ. ಒಂದು ದಿನ ಅವಳು ತಲೆ ಬಾಚಿಕೊಂಡು ಹೊರಟು ನಿಂತಳು. ಎಲ್ಲಿಗೆ ಎಂದೆ. “ಸಾಲಿಗೆ. ಬಾಗಲದಾಗ ನಿಂತು ನೋಡಿ ಬರ್ತೀನಿ. ಏನ ಮಾಡ್ತಾರ, ಕಡದು ಹಾಕ್ತಾರೇನು?” ನಾನೂ ಜೊತೆಗೆ ಹೋದೆ.

ಬಿಸಿಲಿಗೆ ಶಾಲೆಯ ಓಣಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು, ನನ್ನ ಗಂಡ ಹಲಗೆಯ ಪಕ್ಕ ನಿಂತಿದ್ದರು. ತುಂಗಾ ಎರಡನೆಯ ಸಾಲಿನಲ್ಲಿದ್ದಳು. ಯಾರೋ ಎರಡು ಜಡೆ ಸಮನಾಗಿಲ್ಲದಂತೆ ಹೆಣೆದಿದ್ದರು. ಕಾಶವ್ವ ಬಾಗಿಲ ಚೌಕಟ್ಟು ಹಿಡಿದು ಒಂದು ಹೆಜ್ಜೆ ಒಳಗಿಟ್ಟಳು. ಮಗ್ಗಿ ನಿಂತಿತು. ನನ್ನ ಗಂಡ ಅವ್ವನನ್ನೂ ಮಗಳನ್ನೂ ನೋಡಿದರು, ಬಾಯಿ ತೆರೆಯಲಿಲ್ಲ. ಅವರು ಯಾವುದಾದರೊಂದು ಮಾತು ಆಡಬಾರದಿತ್ತೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ತುಂಗಾ ತಾಯಿಯನ್ನು ಕಂಡಳು. ಒಂದು ಕ್ಷಣ ಅವಳ ಮುಖ ಅರಳಿತು. ಮರುಕ್ಷಣ ಏನೋ ನೆನಪಾದವಳಂತೆ ಎದ್ದು ನಿಂತಳು. ಪಾಟಿ ತೆಗೆದುಕೊಂಡಳು, ಚೀಲ ಹೆಗಲಿಗೆ ಹಾಕಿಕೊಂಡಳು. ಅವಸರ ಮಾಡಲಿಲ್ಲ. ಯಾರ ಕಾಲನ್ನೂ ತುಳಿಯದಂತೆ ಮಕ್ಕಳ ನಡುವೆ ದಾರಿ ಮಾಡಿಕೊಂಡು ಹಿಂದಿನ ಬಾಗಿಲಿಂದ ಹೊರಗೆ ಹೋಗಿ, ಬಿಸಿಲಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ತಾಯಿ ಹೊರಗೆ ಹೋಗುವವರೆಗೆ ಒಳಗೆ ಬರಬಾರದೆಂದು ಅವಳಿಗೆ ಮನೆಯಲ್ಲಿ ಹೇಳಿದ್ದರು. ತಿರುಗಿ ನೋಡಲಿಲ್ಲ. ಅಳಲೂ ಇಲ್ಲ.

ದಾರಿಯಲ್ಲಿ ಕಾಶವ್ವ ನನ್ನ ಕೈ ಹಿಡಿದಿದ್ದಳು. ಬಾವಿಯ ಹತ್ತಿರ ಬಂದ ಮೇಲೆ ಮಾತಾಡಿದಳು. “ಹೇಳಿದ್ದ ಕೇಳು, ಮಾತಿಗೆ ಮಾತು ಆಡಬ್ಯಾಡ, ಕಣ್ಣಾಗ ನೀರು ತರಬ್ಯಾಡ. ಆಕಿಗೆ ಮಾತು ಬರೂಕಿಂತ ಮೊದ್ಲ ನಾನ ಕಲಿಸೀನಿ ಅತ್ತಿಗಿ. ಪೆಟ್ಟು ಬೀಳಬಾರದಂತ.” ಅವಳೇ ಮತ್ತೆ, “ಚಲೋ ಕಲತಾಳ” ಎಂದಳು.

ಅವಳು ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ತಾನು ಹೋದರೆ ಕೂಸು ಪಾಠ ಬಿಟ್ಟು ಎದ್ದು ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ ಎಂದು.